ಶನಿವಾರಕ್ಕೆ ಕಾಯದ ಶನಿ

1995ರ ಮೇ 11, ಗುರುವಾರ. ಲಾಸ್ ಏಂಜಲೀಸ್‌ನ ಕನ್ವೆನ್ಷನ್ ಸೆಂಟರಿನಲ್ಲಿ ಇ3 ಎಂಬ ಹೊಸ ಮೇಳ ಶುರುವಾಗಿತ್ತು. ಅಲ್ಲಿಯವರೆಗೆ ಅಮೆರಿಕದಲ್ಲಿ ವಿಡಿಯೋ ಗೇಮ್ ಕಂಪನಿಗಳಿಗೆ ತಮ್ಮದೇ ಆದ ಜಾತ್ರೆ ಇರಲಿಲ್ಲ, ಟಿ.ವಿ., ಸ್ಟೀರಿಯೋ ಮಾರುವವರ ದೊಡ್ಡ ಪ್ರದರ್ಶನದಲ್ಲಿ ಒಂದು ಮೂಲೆ ಹಿಡಿದು ಕೂರಬೇಕಿತ್ತು. ಈಗ ಸ್ವಂತ ಮನೆ. ಗೃಹಪ್ರವೇಶದ ದಿನ ವೇದಿಕೆ ಹತ್ತಿದ್ದು ಸೆಗಾ ಕಂಪನಿಯ ಅಮೆರಿಕ ಶಾಖೆಯ ಮುಖ್ಯಸ್ಥ ಟಾಮ್ ಕಾಲಿನ್‌ಸ್ಕಿ. ಹಿಂದೆ ಮ್ಯಾಟೆಲ್‌ನಲ್ಲಿ ಬಾರ್ಬಿ ಗೊಂಬೆ ಮಾರಿ ಪಳಗಿದ್ದ ಮನುಷ್ಯ, ಆಟಿಕೆ ವ್ಯಾಪಾರದ ಒಳಹೊರಗು ಬಲ್ಲವನು. ಸ್ಯಾಟರ್ನ್ ಎಂಬ ಹೊಸ ಕನ್ಸೋಲ್‌ನ ಗುಣಗಾನ ಮಾಡುತ್ತ ಆತ ಒಂದು ಬಾಂಬು ಹಾಕಿದ: ಇದಕ್ಕಾಗಿ ನೀವು ಸೆಪ್ಟೆಂಬರ್ ತನಕ ಕಾಯಬೇಕಿಲ್ಲ, ಆಗಲೇ ಬಂದಾಗಿದೆ, ಮೂವತ್ತು ಸಾವಿರ ಪೆಟ್ಟಿಗೆಗಳು ಅಂಗಡಿ ಸೇರಿವೆ, ಬೆಲೆ 399 ಡಾಲರ್.

ಸೆಪ್ಟೆಂಬರ್ ಎಂದದ್ದು ಸುಮ್ಮನೆ ಅಲ್ಲ. ಸೆಗಾ ತಿಂಗಳುಗಳ ಮುಂಚೆಯೇ ಸಾರಿದ್ದ ದಿನ ಸೆಪ್ಟೆಂಬರ್ 2, ಶನಿವಾರ. ಅದಕ್ಕೆ ‘ಸ್ಯಾಟರ್ನ್‌ಡೇ’ ಎಂದು ಹೆಸರಿಟ್ಟಿದ್ದರು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಶನಿಗೆ ಶನಿವಾರ. ತಮಾಷೆ ಎಂದರೆ ಶನಿಗೆ ನಮ್ಮ ಜೋಯಿಸರು ಇಟ್ಟ ಇನ್ನೊಂದು ಹೆಸರೇ ‘ಮಂದ’, ನಿಧಾನಕ್ಕೆ ನಡೆಯುವವನು ಎಂದು. ಅಂಥ ಗ್ರಹದ ಹೆಸರಿಟ್ಟುಕೊಂಡ ಯಂತ್ರ ನಾಲ್ಕು ತಿಂಗಳು ಮುಂಚೆ, ಅದೂ ಒಂದು ಗುರುವಾರ, ಓಡೋಡಿ ಬಂದಿತ್ತು.

ಅದೇ ಮೇಳದಲ್ಲಿ ಸೋನಿಯ ಸರದಿಯೂ ಇತ್ತು. ಸೋನಿ ಆಗ ಈ ಕಸುಬಿಗೆ ಹೊಸಬ. ಅದರ ಪ್ಲೇಸ್ಟೇಷನ್ ಜಪಾನಿನಲ್ಲಿ ಬಂದು ಐದು ತಿಂಗಳಾಗಿತ್ತು, ಅಮೆರಿಕಕ್ಕೆ ಇನ್ನೂ ಬಂದಿರಲಿಲ್ಲ. ಕಂಪನಿಯ ಓಲಾಫ್ ಓಲಾಫ್ಸನ್ ಭಾಷಣದ ಮಧ್ಯೆ ಸಹೋದ್ಯೋಗಿ ಸ್ಟೀವ್ ರೇಸ್‌ರನ್ನು ಮೇಲೆ ಕರೆದರು. ರೇಸ್ ಮೈಕಿನ ಮುಂದೆ ನಿಂತು ‘ಟೂ ನೈಂಟಿ ನೈನ್’ ಎಂದಷ್ಟೇ ಹೇಳಿ ಇಳಿದು ಹೋದರು. ಸಭೆಯಲ್ಲಿ ಚಪ್ಪಾಳೆ. ಸೆಗಾಗಿಂತ ನೂರು ಡಾಲರ್ ಕಡಿಮೆ. ಆ ಉದ್ಯಮದ ಚರಿತ್ರೆಯಲ್ಲಿ ಇಷ್ಟು ಚಿಕ್ಕ, ಇಷ್ಟು ದುಬಾರಿ ಭಾಷಣ ಮತ್ತೊಂದಿಲ್ಲ. ದುಬಾರಿ ಆದದ್ದು ಸೆಗಾಗೆ.

ಎಲ್ಲರ ನೆನಪಿನಲ್ಲಿ ಉಳಿದಿರುವುದು ಆ 299. ನನಗೆ ಕುತೂಹಲ ಹುಟ್ಟಿಸುವುದು ತಾರೀಖು. ಬುದ್ಧಿವಂತರೇ ತುಂಬಿದ್ದ ಒಂದು ಕಂಪನಿಗೆ ‘ಮೊದಲು ಬಂದವನದೇ ಮಾರುಕಟ್ಟೆ’ ಎಂಬ ನಂಬಿಕೆ ಎಲ್ಲಿಂದ ಬಂತು? ಅದು ಅರ್ಧಸತ್ಯ ಎಂದು ಪತ್ತೆಯಾದದ್ದು ಹೇಗೆ?

ಮೊದಲ ಪಾಠ ಹನ್ನೆರಡು ವರ್ಷ ಹಿಂದೆಯೇ ಸಿಕ್ಕಿತ್ತು. 1983ರ ಜುಲೈ 15ರಂದು ಜಪಾನಿನಲ್ಲಿ ಪ್ರತಿಸ್ಪರ್ಧಿ ಕಂಪನಿ ನಿಂಟೆಂಡೊದ ಫ್ಯಾಮಿಕಾಂ ಕನ್ಸೋಲ್ ಬಿಡುಗಡೆಯಾಯಿತು. ಸೆಗಾದ ಮೊದಲ ಮನೆ ಕನ್ಸೋಲ್ ಎಸ್‌ಜಿ-1000 ಅಂಗಡಿಗೆ ಬಂದದ್ದೂ ಅದೇ ದಿನ. ಗಾಂಧಿನಗರದಲ್ಲಿ ಒಂದೇ ಶುಕ್ರವಾರ ಎರಡು ಸಿನಿಮಾ ಬಿಡುಗಡೆಯಾದ ಹಾಗೆ. ಫ್ಯಾಮಿಕಾಂ ಮುಂದೆ ಹೊರದೇಶಗಳಿಗೂ ಹೋಗಿ ಆರು ಕೋಟಿ ದಾಟಿತು. ಎಸ್‌ಜಿ-1000 ಹೆಸರು ಇಂದು ಹಳೆಯ ಯಂತ್ರ ಗುಡ್ಡೆ ಹಾಕುವ ಹವ್ಯಾಸಿಗಳಿಗಷ್ಟೇ ಗೊತ್ತು. ನಿಂಟೆಂಡೊದ ಜೊತೆಜೊತೆಗೆ ಬಂದರೆ ಉಳಿಗಾಲವಿಲ್ಲ ಎಂದು ಸೆಗಾ ಅಂದುಕೊಂಡಿದ್ದರೆ ಅಚ್ಚರಿಯಿಲ್ಲ.

ಈ ವ್ಯಾಪಾರದ ಒಳಗುಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಒಂದು ಮನೆಗೆ ಒಂದು ಕನ್ಸೋಲ್. ಕೊಂಡರೆ ಐದಾರು ವರ್ಷ ಅದೇ. ಯಂತ್ರದಲ್ಲಿ ಕಂಪನಿಗೆ ಹೆಚ್ಚು ಲಾಭ ಇರುವುದಿಲ್ಲ, ಎಷ್ಟೋ ಸಲ ನಷ್ಟವೇ. ದುಡ್ಡು ಬರುವುದು ಆಮೇಲೆ ಮಾರುವ ಗೇಮ್‌ಗಳಿಂದ, ಬೇರೆಯವರು ಗೇಮ್ ಮಾಡಿದರೆ ಅವರು ಕಟ್ಟುವ ಪರವಾನಗಿ ಹಣದಿಂದ. ಯಾವ ಯಂತ್ರ ಹೆಚ್ಚು ಮನೆಗಳಲ್ಲಿದೆಯೋ ಅದಕ್ಕೆ ಗೇಮ್ ಮಾಡುವವರು ಹೆಚ್ಚು. ಗೇಮ್ ಹೆಚ್ಚಿದ್ದ ಕಡೆ ಗಿರಾಕಿ ಹೆಚ್ಚು. ಪಕ್ಕದ ಮನೆಯ ಹುಡುಗನ ಹತ್ತಿರ ಯಾವುದಿದೆಯೋ ಅದನ್ನೇ ನಮ್ಮ ಮನೆಯ ಹುಡುಗ ಕೇಳುತ್ತಾನೆ, ಯಾಕೆಂದರೆ ಕಾರ್ಟ್ರಿಜ್ ಅದಲುಬದಲು ಮಾಡಿಕೊಳ್ಳಬಹುದು. ಹೀಗೆ ಆರಂಭದ ಸಣ್ಣ ಮುನ್ನಡೆ ತನ್ನಷ್ಟಕ್ಕೆ ಬೆಳೆಯುತ್ತದೆ. ಆದ್ದರಿಂದ ಮೊದಲು ಹೋಗಿ ಜಾಗ ಹಿಡಿಯುವ ಆಸೆ ಮೂರ್ಖತನವೇನೂ ಅಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರಿಗೆಲ್ಲ ಆ ಆಸೆ ಅರ್ಥವಾಗುತ್ತದೆ.

ಸೆಗಾ ಹಾಗೆ ಟವೆಲ್ ಹಾಕಿದ್ದು ಮೆಗಾ ಡ್ರೈವ್ ಎಂಬ 16-ಬಿಟ್ ಯಂತ್ರದಿಂದ. ಜಪಾನಿನಲ್ಲಿ ಅದು ಬಂದದ್ದು 1988ರ ಅಕ್ಟೋಬರ್ 29ರಂದು. ಆರು ದಿನ ಮುಂಚೆ, ಅಕ್ಟೋಬರ್ 23ಕ್ಕೆ, ನಿಂಟೆಂಡೊ ತನ್ನ ಹಳೆಯ ಫ್ಯಾಮಿಕಾಂಗೆ ‘ಸೂಪರ್ ಮಾರಿಯೋ ಬ್ರದರ್ಸ್ 3’ ಬಿಟ್ಟಿತ್ತು. ಊರೆಲ್ಲ ಮಾರಿಯೋ ಜಪ ಮಾಡುತ್ತಿದ್ದಾಗ ಹೊಸ ಯಂತ್ರದ ಕಡೆ ತಿರುಗಿ ನೋಡಿದವರು ಕಡಿಮೆ. ನಿಂಟೆಂಡೊದ 16-ಬಿಟ್ ಯಂತ್ರ ಸೂಪರ್ ಫ್ಯಾಮಿಕಾಂ ಜಪಾನಿಗೆ ಬಂದದ್ದು 1990ರ ನವೆಂಬರಿನಲ್ಲಿ. ಅಂದರೆ ಸೆಗಾಗೆ ಎರಡು ವರ್ಷ ಬಯಲು ಖಾಲಿ ಸಿಕ್ಕಿತ್ತು, ಆದರೂ ಅಲ್ಲಿ ಗೆಲ್ಲಲಿಲ್ಲ.

ಅಮೆರಿಕದಲ್ಲಿ ಅದೇ ಯಂತ್ರ ಜೆನೆಸಿಸ್ ಎಂಬ ಹೆಸರಿನಲ್ಲಿ 1989ರ ಆಗಸ್ಟ್‌ನಲ್ಲಿ ಬಂತು. ನಿಂಟೆಂಡೊದ ಉತ್ತರ 1991ರ ಆಗಸ್ಟ್‌ನಲ್ಲಿ. ಇಲ್ಲೂ ಅಂತರ ಎರಡೇ ವರ್ಷ. ಆದರೆ ಇಲ್ಲಿ 1990ರಲ್ಲಿ ಕಾಲಿನ್‌ಸ್ಕಿ ಬಂದ. ಬೆಲೆ ಇಳಿಸಿದ, ಅಮೆರಿಕದ ಹುಡುಗರಿಗೆ ಹಿಡಿಸುವ ಗೇಮ್‌ಗಳನ್ನು ಅಮೆರಿಕದಲ್ಲೇ ಮಾಡಿಸಿದ, ನಿಂಟೆಂಡೊವನ್ನು ನೇರವಾಗಿ ಕಿಚಾಯಿಸುವ ಜಾಹೀರಾತು ಹಾಕಿದ. 1991ರ ಜೂನ್‌ನಲ್ಲಿ ಬಂದ ‘ಸಾನಿಕ್’ ಗೇಮನ್ನು ಯಂತ್ರದ ಜೊತೆ ಪುಕ್ಕಟೆ ಕೊಟ್ಟ. ಟೋಕಿಯೊದ ಮುಖ್ಯ ಕಚೇರಿಯವರಿಗೆ ಅದು ಹುಚ್ಚಾಟವಾಗಿ ಕಂಡಿತ್ತು. 1992ರ ಜನವರಿಯ ಹೊತ್ತಿಗೆ 16-ಬಿಟ್ ಮಾರುಕಟ್ಟೆಯ 65 ಪ್ರತಿಶತ ಸೆಗಾದ ಕೈಯಲ್ಲಿದೆ ಎಂಬ ಲೆಕ್ಕ ಬಂತು.

ಒಂದೇ ಯಂತ್ರ, ಅದೇ ಎರಡು ವರ್ಷದ ಮುನ್ನಡೆ. ಒಂದು ಕಡೆ ಸೋಲು, ಇನ್ನೊಂದು ಕಡೆ ಗೆಲುವು. ಪ್ರಯೋಗಾಲಯದಲ್ಲಿ ಮಾಡಿದರೂ ಇಷ್ಟು ಸ್ಪಷ್ಟವಾದ ಪರೀಕ್ಷೆ ಸಿಗುವುದಿಲ್ಲ. ಆದರೆ ಗೆದ್ದವರ ಮನೆಯಲ್ಲಿ ಗೆಲುವಿನ ಕಾರಣ ಕೆದಕುವವರು ಯಾರು? ಟೋಕಿಯೊ ಕಚೇರಿ ಎರಡು ವರ್ಷದ ಮುನ್ನಡೆಯನ್ನು ಮಾತ್ರ ನೆನಪಿಟ್ಟುಕೊಂಡಂತೆ ಕಾಣುತ್ತದೆ.

1994ರಲ್ಲಿ ಸ್ಯಾಟರ್ನ್ ಜಪಾನಿಗೆ ಬಂತು, ನವೆಂಬರ್ 22ಕ್ಕೆ. ಪ್ಲೇಸ್ಟೇಷನ್ ಬಂದದ್ದು ಹನ್ನೊಂದು ದಿನ ತಡವಾಗಿ, ಡಿಸೆಂಬರ್ 3ಕ್ಕೆ. ಮೊದಲ ದಿನ ಅಂಗಡಿಗೆ ಹೋದ ಎರಡು ಲಕ್ಷ ಸ್ಯಾಟರ್ನ್‌ಗಳೂ ಖಾಲಿಯಾದವು. ಆದರೆ ಜನ ಮುಗಿಬಿದ್ದದ್ದು ಹನ್ನೊಂದು ದಿನದ ಮುನ್ನಡೆಗಲ್ಲ, ‘ವರ್ಚುವಾ ಫೈಟರ್’ ಗೇಮಿಗೆ. ಅಲ್ಲಿನ ಗೇಮ್ ಪಾರ್ಲರ್‌ಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಆ ಹೊಡೆದಾಟ ಮನೆಗೇ ಬರುತ್ತದೆಂದರೆ ಯಾರು ಬಿಟ್ಟಾರು? ಸುಮಾರು ಒಂದು ಸ್ಯಾಟರ್ನ್‌ಗೆ ಒಂದು ವರ್ಚುವಾ ಫೈಟರ್‌ನಂತೆ ಮಾರಾಟವಾದವು.

ಇದರ ನಡುವೆ ಅಮೆರಿಕದಲ್ಲಿ ಇನ್ನೊಂದು ಎಡವಟ್ಟು ನಡೆಯುತ್ತಿತ್ತು. ಸ್ಯಾಟರ್ನ್ ಬರುವವರೆಗೆ ಗಿರಾಕಿಗಳನ್ನು ಹಿಡಿದಿಡಲು ಸೆಗಾ 32ಎಕ್ಸ್ ಎಂಬ ಸಾಧನ ಬಿಟ್ಟಿತ್ತು, 1994ರ ನವೆಂಬರಿನಲ್ಲಿ, 159 ಡಾಲರಿಗೆ. ಹಳೆಯ ಜೆನೆಸಿಸ್ ತಲೆಯ ಮೇಲೆ ಅಣಬೆಯ ಹಾಗೆ ಕೂರುವ ಡಬ್ಬಿ ಅದು. ಅಪ್ಪ ಅಮ್ಮ ಕ್ರಿಸ್‌ಮಸ್‌ಗೆ ಕೊಡಿಸಿದ ಆ ಡಬ್ಬಿಗೆ ಅರ್ಧ ವರ್ಷ ತುಂಬುವ ಮೊದಲೇ ಸ್ಯಾಟರ್ನ್ ಎದುರಿಗೆ ನಿಂತಿತು. ಆ ಮಕ್ಕಳ ಮುಖ ಹೇಗಿದ್ದಿರಬಹುದು ಎಂದು ಯೋಚಿಸುತ್ತೇನೆ.

ಸ್ಯಾಟರ್ನನ್ನು ಸೆಪ್ಟೆಂಬರಿನಿಂದ ಮೇ ತಿಂಗಳಿಗೆ ಎಳೆದದ್ದು ಜಪಾನಿನ ಮುಖ್ಯ ಕಚೇರಿ. ಆಗ ಕಂಪನಿಯ ಅಧ್ಯಕ್ಷ ಹಯಾವೊ ನಕಯಾಮ. ಯಂತ್ರಗಳು ಸಾಲದು, ಗೇಮ್‌ಗಳು ತಯಾರಿಲ್ಲ ಎಂದು ತಾನು ಬೇಡವೆಂದಿದ್ದಾಗಿ ಕಾಲಿನ್‌ಸ್ಕಿ ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಬೇಡವೆಂದವನೇ ವೇದಿಕೆಯ ಮೇಲೆ ನಗುನಗುತ್ತ ಸುದ್ದಿ ಹೇಳಬೇಕಾಯಿತು. ನೌಕರಿ ಮಾಡಿದವರಿಗೆ ಈ ನಗು ಪರಿಚಯವಿರುತ್ತದೆ.

ಮುಂದೆ ಏನಾಯಿತು ಎನ್ನುವುದಕ್ಕೆ ನಮ್ಮ ಮದುವೆ ಮನೆಗಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಮುಹೂರ್ತ ಗೊತ್ತು ಮಾಡುವವರು ಗಂಡು ಹೆಣ್ಣಿನ ಕಡೆಯವರು. ಆದರೆ ಒಮ್ಮೆ ಲಗ್ನಪತ್ರಿಕೆ ಹಂಚಿದ ಮೇಲೆ ಆ ದಿನ ಅವರೊಬ್ಬರದೇ ಅಲ್ಲ. ಅಡುಗೆ ಭಟ್ಟರು ಆ ದಿನಕ್ಕೆ ಬೇರೆ ಒಪ್ಪಿಕೊಂಡಿರುವುದಿಲ್ಲ, ವಾಲಗದವರು ಮುಂಗಡ ತೆಗೆದುಕೊಂಡಿರುತ್ತಾರೆ, ದೂರದ ನೆಂಟರು ರೈಲು ಬುಕ್ ಮಾಡಿರುತ್ತಾರೆ. ಇದ್ದಕ್ಕಿದ್ದಂತೆ ‘ಮದುವೆ ಇವತ್ತೇ’ ಎಂದರೆ ಹುಡುಗ ಹುಡುಗಿ ಹಸೆಮಣೆಯ ಮೇಲೆ ಕೂರಬಹುದು, ಊಟ ಎಲ್ಲಿಂದ ಬರಬೇಕು?

ಸೆಪ್ಟೆಂಬರ್ 2 ಎಂದು ನಂಬಿ ಕೂತವರಲ್ಲಿ ಮೊದಲನೆಯವರು ಬೇರೆ ಬೇರೆ ಗೇಮ್ ಕಂಪನಿಗಳು. ಅವರ ಗೇಮ್‌ಗಳೆಲ್ಲ ಆ ದಿನಕ್ಕೆಂದೇ ಬೇಯುತ್ತಿದ್ದವು. ಸಾಲದ್ದಕ್ಕೆ ಸ್ಯಾಟರ್ನ್‌ನಲ್ಲಿ ಹಿಟಾಚಿಯ ಎರಡು ಪ್ರೊಸೆಸರ್‌ಗಳು; ಎರಡೂ ಎತ್ತು ಒಂದೇ ಹೆಜ್ಜೆ ಹಾಕುವಂತೆ ಪ್ರೋಗ್ರಾಂ ಬರೆಯುವುದು ಹರಸಾಹಸದ ಕೆಲಸವಾಗಿತ್ತು, ತಡ ಸಹಜವೇ. ಹೀಗಾಗಿ ಮೇ ತಿಂಗಳಲ್ಲಿ 399 ಡಾಲರ್ ಕೊಟ್ಟು ಸ್ಯಾಟರ್ನ್ ತಂದವರಿಗೆ ಆಡಲು ಸಿಕ್ಕಿದ್ದು ಸೆಗಾ ತಾನೇ ಒದಗಿಸಿದ ಬೆರಳೆಣಿಕೆಯ ಗೇಮ್‌ಗಳು: ವರ್ಚುವಾ ಫೈಟರ್, ಡೇಟೋನಾ, ಪ್ಯಾಂಜರ್ ಡ್ರ್ಯಾಗೂನ್, ಇಂಥ ಕೆಲವು. ಬೇಸಿಗೆ ರಜೆಯೆಲ್ಲ ಅವನ್ನೇ ತಿರುಗಿಸಿ ಮುರುಗಿಸಿ ಆಡಬೇಕಾಯಿತು.

ಎರಡನೆಯವರು ಅಂಗಡಿಕಾರರು. ಇದ್ದ ಮೂವತ್ತು ಸಾವಿರ ಪೆಟ್ಟಿಗೆ ಇಡೀ ಅಮೆರಿಕಕ್ಕೆ ಸಾಲದ ಕಾರಣ ಸೆಗಾ ಟಾಯ್ಸ್ ಆರ್ ಅಸ್, ಎಲೆಕ್ಟ್ರಾನಿಕ್ಸ್ ಬುಟೀಕ್ ಮುಂತಾದ ನಾಲ್ಕು ಸರಣಿ ಅಂಗಡಿಗಳಿಗಷ್ಟೇ ಗುಟ್ಟಾಗಿ ಕಳಿಸಿತ್ತು. ವಾಲ್‌ಮಾರ್ಟ್, ಬೆಸ್ಟ್ ಬೈ, ಕೆಬಿ ಟಾಯ್ಸ್‌ನಂಥ ದೊಡ್ಡವರಿಗೆ ವಿಷಯವೇ ಗೊತ್ತಿರಲಿಲ್ಲ. ವರ್ಷಗಟ್ಟಲೆ ಸೆಗಾದ ಸರಕು ಮಾರಿಕೊಟ್ಟವರನ್ನು ಪಂಕ್ತಿಯಿಂದ ಎಬ್ಬಿಸಿದಂತಾಯಿತು. ಕೆಬಿ ಟಾಯ್ಸ್ ಸಿಟ್ಟಿಗೆದ್ದು ಸ್ಯಾಟರ್ನನ್ನು ಇನ್ನು ತಮ್ಮ ಅಂಗಡಿಯಲ್ಲಿ ಇಡುವುದೇ ಇಲ್ಲ ಎಂದಿತು. ಆಟಿಕೆ ಅಂಗಡಿಯಲ್ಲಿ ಕಣ್ಣಿನ ಮಟ್ಟದ ಒಂದು ಕಪಾಟಿನ ಬೆಲೆ ಏನು ಎಂದು ಬಾರ್ಬಿ ಮಾರಿದವನಿಗೆ ಹೇಳಿಕೊಡಬೇಕಿರಲಿಲ್ಲ. ಖಾಲಿಯಾದ ಆ ಕಪಾಟುಗಳಿಗೆ ಬಂದು ಕೂತದ್ದು ಬೇರೆಯವರ ಸರಕು.

ಸೋನಿ ತನ್ನ ತಾರೀಖನ್ನು ಅಲ್ಲಾಡಿಸಲಿಲ್ಲ. ಸೆಪ್ಟೆಂಬರ್ 9ಕ್ಕೆ ಪ್ಲೇಸ್ಟೇಷನ್ ಅಮೆರಿಕದ ಎಲ್ಲ ಅಂಗಡಿಗಳಿಗೆ ಬಂತು. ಅಂದು ಶನಿವಾರ. ಸೆಗಾ ಬಿಟ್ಟುಕೊಟ್ಟ ವಾರ ಹೀಗೆ ಸೋನಿಯ ಪಾಲಾಯಿತು. ಮುಂಗಡ ಬುಕಿಂಗೇ ಒಂದು ಲಕ್ಷ ದಾಟಿತ್ತು. ನಾಲ್ಕು ತಿಂಗಳ ಮುನ್ನಡೆ ಪಡೆದ ಸ್ಯಾಟರ್ನ್ ಅಷ್ಟರೊಳಗೆ ಮಾರಾಟವಾಗಿದ್ದು ಸುಮಾರು ಎಂಬತ್ತು ಸಾವಿರ. ಪ್ಲೇಸ್ಟೇಷನ್ ತನ್ನ ಆಯುಷ್ಯದಲ್ಲಿ ಹತ್ತು ಕೋಟಿ ದಾಟಿತು, ಸ್ಯಾಟರ್ನ್ ಒಂದು ಕೋಟಿಯನ್ನೂ ಮುಟ್ಟಲಿಲ್ಲ. ಎಲ್ಲ ದೋಷವನ್ನೂ ತಾರೀಖಿನ ತಲೆಗೆ ಕಟ್ಟುವುದು ಅನ್ಯಾಯ. ಬೆಲೆ ಇತ್ತು, ಆ ಜೋಡೆತ್ತಿನ ಚಿಪ್ಪಿತ್ತು, ಸೋನಿಯ ದುಡ್ಡಿನ ಬಲ ಇತ್ತು. ಆದರೆ ತಾರೀಖಿನ ತಪ್ಪಿಗೆ ಒಂದು ವಿಶೇಷ ಗುಣವಿದೆ. ಬೆಲೆಯನ್ನು ನಾಳೆ ಇಳಿಸಬಹುದು, ಹೋದ ದಿನವನ್ನು ವಾಪಸು ತರಲಾಗದು.

ಸೆಗಾ ಕಲಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುಂದಿನ ಯಂತ್ರ ಡ್ರೀಮ್‌ಕಾಸ್ಟ್‌ಗೆ ಅಮೆರಿಕದಲ್ಲಿ ಇಟ್ಟ ಮುಹೂರ್ತ 1999ರ ಸೆಪ್ಟೆಂಬರ್ 9, ಅಂದರೆ 9-9-99. ಯಾರೂ ಮರೆಯಲಾರದ ತಾರೀಖು. ಈ ಬಾರಿ ಎಲ್ಲ ಅಂಗಡಿಗೂ ಪತ್ರಿಕೆ ಹೋಗಿತ್ತು, ಗೇಮ್‌ಗಳು ಹದಿನೆಂಟರಷ್ಟು ಸಿದ್ಧವಿದ್ದವು, ಬೆಲೆ 199. ಇಪ್ಪತ್ತನಾಲ್ಕು ಗಂಟೆಯಲ್ಲಿ ಎರಡು ಲಕ್ಷ ಇಪ್ಪತ್ತೈದು ಸಾವಿರ ಯಂತ್ರ ಮಾರಾಟವಾದವು. ಭಟ್ಟರು, ವಾಲಗದವರು, ನೆಂಟರು ಎಲ್ಲರೂ ಹಾಜರಿದ್ದ ಮದುವೆ.

ಆದರೆ ಅಷ್ಟು ಹೊತ್ತಿಗೆ ಸೋನಿ ಬೇರೆಯದೇ ವಿದ್ಯೆ ಕಂಡುಕೊಂಡಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ, ಡ್ರೀಮ್‌ಕಾಸ್ಟ್ ಅಮೆರಿಕ ತಲುಪಲು ಆರು ತಿಂಗಳಿರುವಾಗ, ಅದು ಪ್ಲೇಸ್ಟೇಷನ್ 2ರ ತಾಕತ್ತನ್ನು ಜಗತ್ತಿಗೆ ತೋರಿಸಿತು. ಯಂತ್ರ ಜಪಾನಿಗೆ ಬಂದದ್ದು 2000ದ ಮಾರ್ಚ್ 4ಕ್ಕೆ, ಅಮೆರಿಕಕ್ಕೆ ಅಕ್ಟೋಬರ್ 26ಕ್ಕೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾವು ನಗುತ್ತೇವೆ. ಇಲ್ಲಿ ಕುಲಾವಿ ನೋಡಿಯೇ ಜನ ಬೇರೆ ಕೂಸನ್ನು ಎತ್ತಿಕೊಳ್ಳದೆ ಕಾದರು. ಹಳೆಯ ಪ್ಲೇಸ್ಟೇಷನ್ ಗೇಮ್‌ಗಳೂ ಓಡುತ್ತವೆ, ಡಿ.ವಿ.ಡಿ. ಸಿನಿಮಾ ಕೂಡ ನೋಡಬಹುದು ಎಂದರೆ ಕಾಯದೆ ಇರುವುದು ಹೇಗೆ? ಬಂದಾಗ ಸರಕಿನ ಕೊರತೆ, ಅಮೆರಿಕದ ಮೊದಲ ಕಂತಿನಲ್ಲಿ ಹೇಳಿದ್ದರ ಅರ್ಧ ಮಾತ್ರ. ಆದರೂ ಜನ ಸಾಲು ಬಿಟ್ಟು ಪಕ್ಕದ ಡ್ರೀಮ್‌ಕಾಸ್ಟ್ ಕಡೆ ಹೋಗಲಿಲ್ಲ.

2001ರ ಜನವರಿ 31ರಂದು ಸೆಗಾ ಡ್ರೀಮ್‌ಕಾಸ್ಟ್ ನಿಲ್ಲಿಸುವುದಾಗಿ ಹೇಳಿತು. ಆಮೇಲೆ ಅದು ಕನ್ಸೋಲ್ ವ್ಯಾಪಾರಕ್ಕೆ ಮರಳಲಿಲ್ಲ. ಮಾರ್ಚ್‌ನಲ್ಲಿ ತೀರಿಕೊಂಡ ಅಧ್ಯಕ್ಷ ಇಸಾವೊ ಒಕಾವ ಸಾಯುವ ಮುನ್ನ ತನ್ನ ಸ್ವಂತ ಆಸ್ತಿಯಿಂದ ಸುಮಾರು 69 ಕೋಟಿ ಡಾಲರ್ ಮೌಲ್ಯದ್ದನ್ನು ಕಂಪನಿಗೆ ಕೊಟ್ಟು, ಅದು ಮುಳುಗದಂತೆ ಹಿಡಿದ.

ಅಮೆರಿಕದಲ್ಲಿ ಡ್ರೀಮ್‌ಕಾಸ್ಟ್‌ನ ಸಾವಿನ ಸುದ್ದಿ ಓದಬೇಕಾಗಿ ಬಂದವನು ಸೆಗಾದ ಪೀಟರ್ ಮೂರ್. ಎರಡು ವರ್ಷದ ಬಳಿಕ ಆತ ಮೈಕ್ರೋಸಾಫ್ಟ್ ಸೇರಿದ. 2005ರ ನವೆಂಬರ್ 22ಕ್ಕೆ, ಪ್ಲೇಸ್ಟೇಷನ್ 3ಕ್ಕಿಂತ ಹೆಚ್ಚುಕಡಿಮೆ ಒಂದು ವರ್ಷ ಮುಂಚೆ, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಬಂತು. ಸೋನಿ ನೀಲಿ ಲೇಸರಿನ ಬ್ಲೂ-ರೇ ಡ್ರೈವನ್ನು ನಂಬಿಕೊಂಡು, ಅದರ ಡಯೋಡ್ ಸಾಕಷ್ಟು ಸಿಗದೆ ತಾರೀಖು ಮುಂದೂಡುತ್ತಿತ್ತು. ಇನ್ನೇನು ಬೇಕು? ಆದರೆ ಕೆಲವೇ ತಿಂಗಳಲ್ಲಿ ಎಕ್ಸ್‌ಬಾಕ್ಸ್ ಗುಂಡಿಯ ಸುತ್ತ ಮೂರು ಕೆಂಪು ದೀಪ ಹತ್ತಿ ಯಂತ್ರ ಸಾಯತೊಡಗಿತು. ಒಳಗಿನ ಚಿಪ್ಪು ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗಿ, ಸೂಕ್ಷ್ಮ ಬೆಸುಗೆಗಳು ಬಿರುಕು ಬಿಡುತ್ತಿದ್ದವು. ಸತ್ತ ಯಂತ್ರಕ್ಕೆ ಟವೆಲ್ ಸುತ್ತಿ ಬೇಕೆಂದೇ ಇನ್ನಷ್ಟು ಕಾಯಿಸಿದರೆ ಕೆಲವು ಸಲ ಮತ್ತೆ ಜೀವ ಬರುತ್ತದೆಂಬ ಮನೆಮದ್ದು ಹುಡುಗರ ನಡುವೆ ಹಬ್ಬಿತ್ತು. ಸೀಟು ಹಿಡಿಯಲು ಹಾಕಿದ ಟವೆಲ್ ಕೊನೆಗೆ ಈ ಕೆಲಸಕ್ಕೆ ಬಂತು. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಖಾತರಿಯನ್ನು ಮೂರು ವರ್ಷಕ್ಕೆ ಹೆಚ್ಚಿಸಿ, ಅದಕ್ಕೆಂದು ನೂರು ಕೋಟಿ ಡಾಲರಿಗೂ ಮಿಕ್ಕಿದ ಮೊತ್ತ ತೆಗೆದಿಟ್ಟಿತು. ಒಂದು ವರ್ಷದ ಮುನ್ನಡೆಗೆ ಕೊಟ್ಟ ಬಾಡಿಗೆ ಅದು ಎಂದು ನನ್ನ ಲೆಕ್ಕ. ಕೊನೆಗೆ ಈ ಎರಡು ಯಂತ್ರಗಳೂ ಎಂಟೂವರೆ ಕೋಟಿಯ ಆಸುಪಾಸಿನಲ್ಲಿ ನಿಂತವು. ಇವೆರಡೂ ಗುದ್ದಾಡುತ್ತಿದ್ದಾಗ ಅಮೆರಿಕದಲ್ಲಿ ಪ್ಲೇಸ್ಟೇಷನ್ 3ರ ಎರಡು ದಿನ ಬಳಿಕ, 249 ಡಾಲರಿಗೆ ಬಂದ ನಿಂಟೆಂಡೊದ ವೀ ಹತ್ತು ಕೋಟಿ ದಾಟಿ ಹೋಯಿತು. ಕೊನೆಯ ಪಂಕ್ತಿಗೆ ಬಂದವನೇ ಹೊಟ್ಟೆ ತುಂಬ ಉಂಡ.

ಇಷ್ಟೆಲ್ಲ ಆದ ಮೇಲೆ 2020ರಲ್ಲಿ ಆಟವೇ ತಿರುಗುಮುರುಗಾಯಿತು. ಸೋನಿ, ಮೈಕ್ರೋಸಾಫ್ಟ್ ಇಬ್ಬರೂ ವರ್ಷಾಂತ್ಯಕ್ಕೆ ಬರುತ್ತೇವೆ ಎಂದರು, ಬೆಲೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ‘ಟೂ ನೈಂಟಿ ನೈನ್’ ಎಂಬ ಭೂತ ಇಬ್ಬರ ಬೆನ್ನಿಗೂ ಬಿದ್ದಿರಬೇಕು. ಮೊದಲು ಮಾತಾಡಿದವನು ಕೆಟ್ಟ. ಸೆಪ್ಟೆಂಬರ್ ಮೊದಲ ವಾರ ಕಳೆದರೂ ಮೌನ. ಕೊನೆಗೆ ಎಕ್ಸ್‌ಬಾಕ್ಸ್‌ನ ಸಣ್ಣ ಯಂತ್ರದ ಬೆಲೆ ಸೋರಿಹೋಗಿ ಮೈಕ್ರೋಸಾಫ್ಟ್ ಒಪ್ಪಿಕೊಳ್ಳಬೇಕಾಯಿತು. ಅದು 299 ಡಾಲರ್ ಆಗಿದ್ದುದು ಕಾಕತಾಳೀಯವೋ ಏನೋ. ಸೋನಿ ಇನ್ನೊಂದು ವಾರ ಕಾದು ತನ್ನದನ್ನು ಹೇಳಿತು. ಎಕ್ಸ್‌ಬಾಕ್ಸ್ ನವೆಂಬರ್ 10ಕ್ಕೆ, ಪ್ಲೇಸ್ಟೇಷನ್ 5 ನವೆಂಬರ್ 12ಕ್ಕೆ. ಅಂತರ ಎರಡು ದಿನ.

ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ಕ್ಕೆ. ಮುಂಗಡ ಬುಕಿಂಗ್ ಜನವರಿ 12ರ ಮಧ್ಯಾಹ್ನ. ಸಂಕ್ರಾಂತಿಗೆ ಎರಡು ದಿನವಿತ್ತು. ನಮ್ಮ ಅಕ್ಕನ ಮಗ ಬಸವನಗುಡಿಯ ಮನೆಯ ನಡುಮನೆಯಲ್ಲಿ ಎರಡು ಫೋನ್, ಒಂದು ಲ್ಯಾಪ್‌ಟಾಪ್ ಹರಡಿಕೊಂಡು ಹನ್ನೊಂದೂವರೆಯಿಂದಲೇ ತಪಸ್ಸಿಗೆ ಕೂತಿದ್ದ. ಪಕ್ಕದಲ್ಲಿ ಅಮ್ಮ ಎಳ್ಳುಬೆಲ್ಲಕ್ಕೆಂದು ಕೊಬ್ಬರಿ ಸಣ್ಣಗೆ ಹೆಚ್ಚುತ್ತಿದ್ದರು. ಹನ್ನೆರಡು ಹೊಡೆಯಿತು. ಹುಡುಗ ಒತ್ತಿದ, ಚಕ್ರ ತಿರುಗಿತು, ವಿಳಾಸ ಕೇಳಿತು, ಮತ್ತೆ ಚಕ್ರ ತಿರುಗಿತು. ಅಡುಗೆಮನೆಯ ಕುಕ್ಕರ್ ಮೂರನೇ ಸೀಟಿ ಹಾಕುವಷ್ಟರಲ್ಲಿ ‘ದಾಸ್ತಾನು ಮುಗಿದಿದೆ’ ಎಂದು ಬಂತು. ಅವನು ಫೋನನ್ನು ಸೋಫಾ ಮೇಲೆ ಎಸೆದ.

ಅಮ್ಮ ಕೊಬ್ಬರಿಯಿಂದ ಕಣ್ಣು ಎತ್ತದೆ ಹೇಳಿದರು: “ಧನುರ್ಮಾಸದಲ್ಲಿ ಯಾರಾದ್ರೂ ಹೊಸ ಸಾಮಾನಿಗೆ ಕೈ ಹಾಕ್ತಾರೇನೋ ಪುಟ್ಟ? ಹಬ್ಬ ಕಳೀಲಿ.”